4,475 ಮಾರು ಹಗ್ಗ

ಭೂಮಿಯ ಮೇಲೆ ಅತಿ ಆಳದ ಜಾಗ ಯಾವುದು ಅಂತ ಕೇಳಿದರೆ ಶಾಲೆ ಮಕ್ಕಳೂ ಥಟ್ಟನೆ ಹೇಳುತ್ತಾರೆ: ಚಾಲೆಂಜರ್ ಡೀಪ್. ಪೆಸಿಫಿಕ್ ಸಾಗರದ ಮರಿಯಾನಾ ಕಂದಕದ ತಳ ಅದು. ಆದರೆ ಈ ಚಾಲೆಂಜರ್ ಯಾರು? ಒಂದು ಹಡಗು. ಸರಿಯಾಗಿ ಹೇಳಬೇಕೆಂದರೆ ಎರಡು ಹಡಗು. ಎರಡೂ ಬ್ರಿಟಿಷ್ ನೌಕಾಪಡೆಯವು, ಎರಡಕ್ಕೂ ಎಚ್‌ಎಂಎಸ್ ಚಾಲೆಂಜರ್ ಅಂತಲೇ ಹೆಸರು.

ನಮ್ಮಲ್ಲಿ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುತ್ತಾರಲ್ಲ, ಬ್ರಿಟಿಷ್ ನೌಕಾಪಡೆಗೂ ಆ ರೂಢಿ ಇದೆ. ಹಡಗು ಮುಳುಗಿದರೂ, ಗುಜರಿಗೆ ಹೋದರೂ ಹೆಸರು ಮಾತ್ರ ಮುಂದಿನ ಹಡಗಿಗೆ ಬರುತ್ತದೆ. 1826ರಲ್ಲಿ ನೀರಿಗಿಳಿದ ಒಂದು ಚಾಲೆಂಜರ್ 1835ರಲ್ಲಿ ಚಿಲಿ ದೇಶದ ಕರಾವಳಿಯಲ್ಲಿ ಒಡೆದುಹೋಯಿತು. ಅದರ ನಾವಿಕರನ್ನು ಕಾಪಾಡಲು ಓಡಿ ಹೋದವರಲ್ಲಿ ರಾಬರ್ಟ್ ಫಿಟ್ಜ್‌ರಾಯ್ ಒಬ್ಬರು. ಡಾರ್ವಿನ್ ಪ್ರಯಾಣ ಮಾಡಿದ ಬೀಗಲ್ ಹಡಗಿನ ಕ್ಯಾಪ್ಟನ್ ಇವರೇ.

ಹೆಸರನ್ನು ಅಮರ ಮಾಡಿದ್ದು ಮಾತ್ರ 1858ರ ಚಾಲೆಂಜರ್. ಕಟ್ಟಿದ್ದು ಯುದ್ಧಕ್ಕೆ. ಆಮೇಲೆ ಸಮುದ್ರದ ಅಧ್ಯಯನದ ಯಾತ್ರೆಗೆ ಅಂತ ಅದರ 17 ಫಿರಂಗಿಗಳಲ್ಲಿ ಎರಡನ್ನು ಬಿಟ್ಟು ಉಳಿದವನ್ನೆಲ್ಲ ತೆಗೆದು, ಆ ಜಾಗದಲ್ಲಿ ಪ್ರಯೋಗಾಲಯ ಮಾಡಿದರು. ಫಿರಂಗಿ ಇದ್ದ ಕಡೆ ಸೂಕ್ಷ್ಮದರ್ಶಕ, ಗಾಜಿನ ಜಾಡಿ, ಮೈಲಿಗಟ್ಟಲೆ ಹಗ್ಗ! ನನಗೆ ಈ ಕಥೆಯಲ್ಲಿ ತುಂಬಾ ಇಷ್ಟವಾಗುವ ಗಳಿಗೆ ಇದು. ಸುಮಾರು 550 ಮೀಟರ್‌ಗಿಂತ ಕೆಳಗೆ ಸಮುದ್ರದಲ್ಲಿ ಜೀವವೇ ಇಲ್ಲ ಅಂತ ಬ್ರಿಟಿಷ್ ನಿಸರ್ಗವಿಜ್ಞಾನಿ ಎಡ್ವರ್ಡ್ ಫೋರ್ಬ್ಸ್ ಹಿಂದೆ ಹೇಳಿದ್ದರು. ಅದು ನಿಜವೇ ಅಂತ ನೋಡೋದೂ ಈ ಯಾತ್ರೆಯ ಒಂದು ಉದ್ದೇಶ. ವಿಜ್ಞಾನಿಗಳ ತಂಡಕ್ಕೆ ಚಾರ್ಲ್ಸ್ ವೈವಿಲ್ ಥಾಮ್ಸನ್ ಮುಖ್ಯಸ್ಥರು. 1872ರ ಡಿಸೆಂಬರ್‌ನಲ್ಲಿ ಪೋರ್ಟ್ಸ್‌ಮತ್‌ನಿಂದ ಹೊರಟ ಹಡಗು 1876ರ ಮೇ ತಿಂಗಳಲ್ಲಿ ವಾಪಸ್ ಬಂತು.

ಆಳ ಅಳೆಯೋದು ಹೇಗಿತ್ತು ಗೊತ್ತಾ? ಹೂವಾಡಗಿತ್ತಿ ಎರಡೂ ಕೈ ಚಾಚಿ ಮಾರು ಲೆಕ್ಕದಲ್ಲಿ ಮಲ್ಲಿಗೆ ಅಳೆಯುತ್ತಾಳಲ್ಲ, ನಾವಿಕರದ್ದೂ ಅದೇ ಅಳತೆ. ಅವರು ಫ್ಯಾದಮ್ ಅನ್ನುತ್ತಾರೆ, ಒಂದಕ್ಕೆ ಆರು ಅಡಿ. ತುದಿಗೆ ಭಾರ ಕಟ್ಟಿದ ಸೆಣಬಿನ ಹಗ್ಗವನ್ನು ಇಳಿಬಿಡುತ್ತಾರೆ. ಕಷ್ಟ ಇರುವುದು ಇಲ್ಲೇ. ಭಾರ ತಳ ಮುಟ್ಟಿದರೂ ಹಗ್ಗ ನಿಲ್ಲುವುದಿಲ್ಲ, ತನ್ನದೇ ತೂಕಕ್ಕೆ ಜಾರುತ್ತಲೇ ಇರುತ್ತದೆ. ಹಾಗಾದರೆ ತಳ ಸಿಕ್ಕಿದ್ದು ಗೊತ್ತಾಗೋದು ಹೇಗೆ? ಗಡಿಯಾರ ನೋಡಿ. ಹಗ್ಗಕ್ಕೆ ಗುರುತು ಹಾಕಿರುತ್ತಾರೆ. ಪ್ರತಿ ನೂರು ಮಾರು ಇಳಿಯಲು ಎಷ್ಟು ಹೊತ್ತು ಹಿಡಿಯಿತು ಅಂತ ಬರೆದುಕೊಳ್ಳುತ್ತಾರೆ. ಇಳಿಯುತ್ತಾ ಇಳಿಯುತ್ತಾ ವೇಗ ನಿಧಾನಕ್ಕೆ ಕಡಿಮೆಯಾಗುತ್ತದೆ. ಅದು ಇದ್ದಕ್ಕಿದ್ದಂತೆ ಜಾಸ್ತಿ ತಗ್ಗಿತೋ, ಭಾರ ನೆಲ ಮುಟ್ಟಿದೆ ಅಂತ ಅರ್ಥ. ಆಮೇಲೆ ಆ ಹಗ್ಗವನ್ನೆಲ್ಲ ಮತ್ತೆ ಮೇಲೆ ಎಳೆಯಬೇಕು.

1875ರ ಮಾರ್ಚ್ 23ರಂದು, ಗುವಾಮ್ ಮತ್ತು ಪಲಾವ್ ದ್ವೀಪಗಳ ನಡುವೆ, ಹಗ್ಗ ಇಳಿಯುತ್ತಲೇ ಹೋಯಿತು. 4,475 ಮಾರು, ಅಂದರೆ 8,184 ಮೀಟರ್. ಇನ್ನೊಂದು ಸಲ ಅಳೆದು ಖಚಿತ ಮಾಡಿಕೊಂಡರು. ಯಾತ್ರೆಯುದ್ದಕ್ಕೂ ಅವರಿಗೆ ಸಿಕ್ಕ ಅತಿ ಹೆಚ್ಚಿನ ಆಳ ಅದೇ.

ಬಲೆಯಲ್ಲಿ ಬಂದದ್ದೇನು ಕಡಿಮೆಯೇ? ಸುಮಾರು 4,700 ಹೊಸ ಜೀವಿಗಳು. ಎಲ್ಲವನ್ನೂ ವಿವರಿಸಿದ ವರದಿ 50 ಸಂಪುಟವಾಯಿತು, ಮುಗಿಯುವಾಗ 1895. ತಳದಿಂದ ಆಲೂಗಡ್ಡೆಯಂಥ ಕಪ್ಪು ಗಟ್ಟಿಗಳೂ ಬಂದವು, ಮ್ಯಾಂಗನೀಸ್ ತುಂಬಿದವು. ಇಂಥದೇ ಗಟ್ಟಿಗಳಿಗಾಗಿ ಭಾರತ ಇವತ್ತು ಹಿಂದೂ ಮಹಾಸಾಗರದ ನಡುವೆ 75,000 ಚದರ ಕಿಲೋಮೀಟರ್ ಜಾಗದಲ್ಲಿ ಹುಡುಕಾಟ ನಡೆಸಿದೆ.

ಎಪ್ಪತ್ತಾರು ವರ್ಷ ಕಳೆದು, 1951ರಲ್ಲಿ, ಅದೇ ಹೆಸರಿನ ಇನ್ನೊಂದು ಹಡಗು ಅದೇ ಕಂದಕಕ್ಕೆ ಬಂತು. 1931ರಲ್ಲಿ ನೀರಿಗಿಳಿದ ಸರ್ವೆ ಹಡಗು ಇದು. ಕ್ಯಾಪ್ಟನ್ ಜಾರ್ಜ್ ಸ್ಟೀಫನ್ ರಿಚಿ. ಈ ಸಲ ಆಳ ಅಳೆದದ್ದು ಶಬ್ದ. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. ಹಡಗಿನಿಂದ ಕೆಳಕ್ಕೆ ಒಂದು ಸದ್ದು ಕಳಿಸಿದರು. ನೀವೂ ಸುಮ್ನೆ ಒಂದರಿಂದ ಹದಿನಾಲ್ಕರವರೆಗೆ ನಿಧಾನಕ್ಕೆ ಎಣಿಸಿ ನೋಡಿ. ಪ್ರತಿಧ್ವನಿ ವಾಪಸ್ ಬರಲು ಅಷ್ಟು ಹೊತ್ತು ಬೇಕು! ಲೆಕ್ಕ ಹಾಕಿದರೆ 5,960 ಮಾರು, ಸುಮಾರು 10,900 ಮೀಟರ್. ಎವರೆಸ್ಟನ್ನು ಅಲ್ಲಿ ಇಳಿಸಿದರೂ ನೆತ್ತಿಯ ಮೇಲೆ ಇನ್ನೂ ಎರಡು ಕಿಲೋಮೀಟರ್ ನೀರಿರುತ್ತದೆ.

ಈ ಜಾಗಕ್ಕೂ ಹಳೆಯ ಹಡಗು ಹಗ್ಗ ಬಿಟ್ಟ ಜಾಗಕ್ಕೂ ಇರುವ ದೂರ ಸುಮಾರು 100 ಕಿಲೋಮೀಟರ್, ಅಷ್ಟೇ. ಹಗ್ಗ ಒಂದು ಸಲಕ್ಕೆ ಹೇಳುವುದು ಒಂದೇ ಒಂದು ಚುಕ್ಕಿಯ ಆಳ. ಮೂರೂವರೆ ವರ್ಷ, ಸುಮಾರು 1,27,000 ಕಿಲೋಮೀಟರ್ ಸುತ್ತಿದ ಮೊದಲ ಚಾಲೆಂಜರ್ ನಿಂತು ಅಳೆದ ಮುಖ್ಯ ತಾಣಗಳು 362. ಅಷ್ಟು ದೊಡ್ಡ ಸಾಗರದಲ್ಲಿ ಅಷ್ಟೇ ಚುಕ್ಕಿ. ಅವುಗಳಲ್ಲಿ ಒಂದು ಈ ಕಂದಕದೊಳಗೇ ಬಿತ್ತಲ್ಲ ಅಂತ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಶಬ್ದ ಹಾಗಲ್ಲ. ಹಡಗು ಸಾಗುತ್ತಾ ಇರುವಾಗಲೇ ತಳದ ಏರಿಳಿತವನ್ನು ಗೆರೆಯಂತೆ ಬಿಡಿಸುತ್ತದೆ.

ಹೆಸರು ಆಮೇಲೆ ಆಕಾಶಕ್ಕೂ ಹೋಯಿತು. ಅಮೆರಿಕದ ನಾಸಾ ತನ್ನ ಬಾಹ್ಯಾಕಾಶ ನೌಕೆಯೊಂದಕ್ಕೆ 1858ರ ಹಡಗಿನ ಹೆಸರನ್ನೇ ಇಟ್ಟಿತು. 1986ರಲ್ಲಿ ಏಳು ಜನರೊಂದಿಗೆ ಸಿಡಿದುಹೋದ ಚಾಲೆಂಜರ್ ಅದೇ.

ಆ 1858ರ ಹಡಗನ್ನು 1921ರಲ್ಲಿ ತಳದ ತಾಮ್ರಕ್ಕಾಗಿ ಒಡೆದರು. ಮೂತಿಯಲ್ಲಿದ್ದ ಮರದ ಗೊಂಬೆಯನ್ನು ಉಳಿಸಿಕೊಂಡಿದ್ದಾರೆ. ಸೌತಾಂಪ್ಟನ್‌ನ ರಾಷ್ಟ್ರೀಯ ಸಾಗರವಿಜ್ಞಾನ ಕೇಂದ್ರದಲ್ಲಿ ಅದು ಈಗಲೂ ಇದೆ.