ಮುಟ್ಟು ಹತ್ತಿರ ಬಂದರೆ ಹೊಟ್ಟೆ ಯಾಕೆ ಕೆಡುತ್ತದೆ?

ಪ್ರಶ್ನೆ: ನನಗೆ 34 ವರ್ಷ. ತೀರ್ಥಹಳ್ಳಿ ಹತ್ತಿರದ ಹಳ್ಳಿಯವಳು. ಪ್ರತಿ ತಿಂಗಳು ಮುಟ್ಟಿಗೆ ನಾಲ್ಕೈದು ದಿನ ಮೊದಲು ಹೊಟ್ಟೆ ಉಬ್ಬರಿಸುತ್ತದೆ, ಮಲ ಗಟ್ಟಿಯಾಗುತ್ತದೆ. ಮುಟ್ಟಾದ ದಿನ ನೋಡಿದರೆ ಉಲ್ಟಾ, ಬೆಳಿಗ್ಗೆಯೇ ಮೂರ್ನಾಲ್ಕು ಸಲ ಓಡಬೇಕು. ಗ್ಯಾಸ್ಟ್ರಿಕ್ ಮಾತ್ರೆ ನುಂಗಿ ನುಂಗಿ ಸಾಕಾಗಿದೆ. ಮನೆಯಲ್ಲಿ ‘ಏನೋ ತಿಂದಿದ್ದು ಆಗಿಲ್ಲ’ ಅಂತಾರೆ. ಮುಟ್ಟಿಗೂ ಹೊಟ್ಟೆಗೂ ನಿಜವಾಗಿ ಸಂಬಂಧ ಇದೆಯಾ?

ಉತ್ತರ: ಇದೆ, ಅದೂ ಬಹಳ ಹತ್ತಿರದ ಸಂಬಂಧ. ಮೊದಲು ಕಟ್ಟುವುದು, ಮುಟ್ಟಾದ ದಿನ ಸಡಿಲವಾಗುವುದು ಎಂದು ನೀವು ಬರೆದ ಕ್ರಮವೇ ಎಷ್ಟೋ ಹೆಂಗಸರಲ್ಲಿ ಕಾಣುತ್ತದೆ. ತಿಂದಿದ್ದು ಆಗದೆ ಹೊಟ್ಟೆ ಕೆಟ್ಟರೆ ಅದು ತಿಂಗಳಿಗೊಮ್ಮೆ ಲೆಕ್ಕ ಇಟ್ಟುಕೊಂಡು ಬರುವುದಿಲ್ಲ, ಅಲ್ವಾ?

ಮೊದಲು ಉಬ್ಬರದ ವಿಷಯ. ಮುಟ್ಟಿಗೆ ಸುಮಾರು 14 ದಿನ ಮೊದಲು ಅಂಡಾಶಯದಿಂದ ಅಂಡ ಹೊರಬರುತ್ತದೆ. ಆಮೇಲೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನ್ ಏರುತ್ತದೆ. ಬಸಿರು ನಿಂತರೆ ಗರ್ಭಕೋಶ ಬಿಗಿದುಕೊಳ್ಳಬಾರದು ಅಂತ ಅದು ಅಲ್ಲಿನ ಸ್ನಾಯುವನ್ನು ಸಡಿಲವಾಗಿ ಇಡುತ್ತದೆ. ಕರುಳಿನ ಗೋಡೆಯಲ್ಲಿರುವುದೂ ಅದೇ ಜಾತಿಯ ಸ್ನಾಯು. ಹಾಗಾಗಿ ಅದೂ ಮಂದವಾಗುತ್ತದೆ. ಉಂಡದ್ದು ನಿಧಾನಕ್ಕೆ ಸಾಗುತ್ತದೆ, ದೊಡ್ಡ ಕರುಳು ಅದರಲ್ಲಿನ ನೀರನ್ನು ಜಾಸ್ತಿ ಹೀರಿಕೊಳ್ಳುತ್ತದೆ, ಮಲ ಗಟ್ಟಿಯಾಗುತ್ತದೆ. ಬಸುರಿಯರಿಗೆ ಮಲಬದ್ಧತೆ ಕಾಡುವುದಕ್ಕೂ ಈ ಹಾರ್ಮೋನ್ ಒಂದು ಕಾರಣ.

ಬಸಿರು ನಿಲ್ಲದಿದ್ದರೆ ಪ್ರೊಜೆಸ್ಟರಾನ್ ಇಳಿಯುತ್ತದೆ. ಆಗ ಗರ್ಭಕೋಶದ ಒಳಪದರದಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುಗಳು ಹುಟ್ಟುತ್ತವೆ. ಒಳಪದರವನ್ನು ಹೊರಗೆ ತಳ್ಳಲು ಗರ್ಭಕೋಶವನ್ನು ಹಿಂಡುವುದು ಇವುಗಳ ಕೆಲಸ. ಕಿಬ್ಬೊಟ್ಟೆ ನುಲಿಯುವ ನೋವು ಅಲ್ಲಿಂದಲೇ ಬರುವುದು. ಇನ್ನು ಗರ್ಭಕೋಶದ ಬೆನ್ನಿಗೇ ಮಲದ ಕರುಳು ಇದೆ. ಪ್ರೊಸ್ಟಗ್ಲಾಂಡಿನ್ ಜಾಸ್ತಿಯಾದರೆ ಅದು ಕರುಳನ್ನೂ ಹಿಂಡುತ್ತದೆ. ಅಷ್ಟು ದಿನ ಮಂದವಾಗಿದ್ದ ಕರುಳು ಒಮ್ಮೆಲೇ ಜೋರಾಗುತ್ತದೆ, ನೀವು ಓಡಬೇಕಾಗುತ್ತದೆ. ಕೆಲವರಿಗೆ ವಾಕರಿಕೆ, ತಲೆನೋವು ಬರುವುದರ ಹಿಂದೆಯೂ ಇದೇ ಇದೆ. ಸಾಧಾರಣವಾಗಿ ಒಂದೆರಡು ದಿನದಲ್ಲಿ ಎಲ್ಲ ತಣ್ಣಗಾಗುತ್ತದೆ.

ನಿಮ್ಮ ಗ್ಯಾಸ್ಟ್ರಿಕ್ ಮಾತ್ರೆ ಯಾಕೆ ಕೆಲಸ ಮಾಡಲಿಲ್ಲ ಎನ್ನುವುದಕ್ಕೂ ಉತ್ತರ ಸಿಕ್ಕಿತು. ಅದು ಜಠರದ ಆಮ್ಲವನ್ನು ತಗ್ಗಿಸುತ್ತದೆ ಅಷ್ಟೆ, ಪ್ರೊಸ್ಟಗ್ಲಾಂಡಿನ್‌ಗೆ ಏನೂ ಮಾಡುವುದಿಲ್ಲ. ಅದನ್ನು ತಡೆಯುವುದು ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್ ಜಾತಿಯ ನೋವಿನ ಮಾತ್ರೆಗಳು. ಆಸ್ಪಿರಿನ್ ಈ ದಾರಿಯಲ್ಲೇ ಕೆಲಸ ಮಾಡುತ್ತದೆ ಅಂತ 1971ರಲ್ಲಿ ತೋರಿಸಿದವರು ಇಂಗ್ಲೆಂಡಿನ ಜಾನ್ ವೇನ್. 1982ರಲ್ಲಿ ಅವರಿಗೆ ಇನ್ನಿಬ್ಬರ ಜೊತೆ ನೊಬೆಲ್ ಬಂತು. ಈ ಮಾತ್ರೆಗಳನ್ನು ನೋವು ಏರಿದ ಮೇಲೆ ನುಂಗುವುದಕ್ಕಿಂತ ಮುಟ್ಟು ಶುರುವಾಗುತ್ತಿದ್ದ ಹಾಗೆ, ಊಟ ಮಾಡಿ, ತೆಗೆದುಕೊಂಡರೆ ಗುಣ ಜಾಸ್ತಿ. ಆದರೆ ಸುಮ್ನೆ ಅಂಗಡಿಯಿಂದ ತಂದು ನುಂಗಬೇಡಿ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಅಸ್ತಮಾ ಇದ್ದವರಿಗೆ ಇವು ಅಪಾಯ ತರಬಹುದು. ಮೆಫೆನಾಮಿಕ್ ಆಸಿಡ್‌ನಿಂದಲೇ ಕೆಲವರಿಗೆ ಭೇದಿ ಆಗುವುದೂ ಉಂಟು. 2023ರ ಕೊನೆಯಲ್ಲಿ ಭಾರತೀಯ ಔಷಧ ಸಂಹಿತೆ ಆಯೋಗವೂ ಈ ಔಷಧದ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು: ಅಪರೂಪಕ್ಕೆ ತೀವ್ರ ಅಲರ್ಜಿ ಆಗಬಹುದು. ಮಾತ್ರೆ ತೆಗೆದುಕೊಂಡ ಮೇಲೆ, ಕೆಲವು ವಾರ ಕಳೆದಿದ್ದರೂ ಸರಿ, ಜ್ವರ ಬಂದು ಮೈಮೇಲೆ ದದ್ದು ಎದ್ದರೆ ತಡ ಮಾಡದೆ ಡಾಕ್ಟರ ಹತ್ತಿರ ಹೋಗಿ.

ಇನ್ನು ನಮ್ಮ ಕಡೆಯ ಬದುಕಿನ ವಿಷಯ. ಅಡಿಕೆ ಸುಗ್ಗಿಯಲ್ಲಿ, ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತರೆ ರಾತ್ರಿ ಎಷ್ಟು ಹೊತ್ತಿಗೆ ಏಳುತ್ತೀರಿ? ಎದ್ದು ಹೋಗಬೇಕಾಗುತ್ತದೆ ಅಂತ ನೀರು ಕುಡಿಯುವುದಿಲ್ಲ. ಬಂದದ್ದನ್ನು ತಡೆದುಕೊಳ್ಳುತ್ತೀರಿ. ನಿದ್ದೆ ಕಡಿಮೆ, ಕಾಫಿ ಜಾಸ್ತಿ. ಹಾರ್ಮೋನ್ ಕರುಳನ್ನು ನಿಧಾನ ಮಾಡಿರುವ ವಾರದಲ್ಲೇ ಇದೂ ಸೇರಿದರೆ ಹೊಟ್ಟೆ ಕಲ್ಲಾಗದೆ ಇನ್ನೇನು? ಸುಲಿಯುವ ಜಾಗದಲ್ಲಿ ಒಂದು ತಂಬಿಗೆ ನೀರು ಇಟ್ಟುಕೊಳ್ಳಿ. ಗಂಟೆಗೊಮ್ಮೆ ಎದ್ದು ಅಂಗಳಕ್ಕೆ ಹೋಗಿ ಬನ್ನಿ. ಕೆಲಸ ಹಿಂದೆ ಬೀಳುತ್ತದೆ ಅಂತ ಯಾರಾದರೂ ಗೊಣಗಿದರೆ ಗೊಣಗಲಿ.

ಊಟದಲ್ಲಿ ದೊಡ್ಡ ಬದಲಾವಣೆ ಬೇಕಿಲ್ಲ, ಹೊತ್ತು ನೋಡಿ ಉಣ್ಣಬೇಕು ಅಷ್ಟೆ. ಮುಟ್ಟಿಗೆ ವಾರ ಮೊದಲಿನಿಂದ ಬಾಳೆದಿಂಡಿನ ಪಲ್ಯ, ಸೊಪ್ಪು, ಪಾಲಿಶ್ ಮಾಡದ ಕೆಂಪಕ್ಕಿ ಅನ್ನ, ಹಣ್ಣು ಇರಲಿ. ನಾರಿನಂಶ ಹೆಚ್ಚಿಸುವಾಗ ನೀರನ್ನೂ ಹೆಚ್ಚಿಸಿ, ಇಲ್ಲದಿದ್ದರೆ ಇನ್ನಷ್ಟು ಕಟ್ಟುತ್ತದೆ. ಅಪ್ಪೆಮಿಡಿ, ಹಪ್ಪಳ ಆ ವಾರ ಸ್ವಲ್ಪ ಕಡಿಮೆ ಇರಲಿ, ಉಪ್ಪು ಮೈಯಲ್ಲಿ ನೀರು ನಿಲ್ಲಿಸುತ್ತದೆ. ಅವರೆ, ಕಡಲೆಯಿಂದ ಗಾಳಿ ತುಂಬುವವರು ಅದನ್ನೂ ಆಮೇಲೆ ತಿನ್ನಿ. ಮುಟ್ಟಾದ ದಿನ ಖಾಲಿ ಹೊಟ್ಟೆಗೆ ಕಾಫಿ ಬೇಡ, ಜೋರಾಗಿರುವ ಕರುಳನ್ನು ಅದು ಇನ್ನೂ ಜೋರು ಮಾಡುತ್ತದೆ. ಗಂಜಿ, ಉಪ್ಪು ಹಾಕಿದ ಮಜ್ಜಿಗೆ, ತಂಬುಳಿ ಅನ್ನ ಸಾಕು. ಹೊಟ್ಟೆ ಮೇಲೆ ಬಿಸಿನೀರಿನ ಚೀಲ ಇಟ್ಟುಕೊಂಡರೆ ನೋವು ನಿಜಕ್ಕೂ ತಗ್ಗುತ್ತದೆ.

ಇಲ್ಲಿ ಒಂದು ಮಾತು ಮನೆಯವರಿಗೆ. ಕೆಲವು ಮನೆಗಳಲ್ಲಿ ಹೆಂಗಸರು ಈಗಲೂ ಮೂರು ದಿನ ಹೊರಗೆ ಕೂರುತ್ತಾರೆ. ಒಲೆ ಹತ್ತಿರ ಬರುವಂತಿಲ್ಲ. ಒಂದು ಲೋಟ ಜೀರಿಗೆ ಕಷಾಯ ಬೇಕಾದರೂ ಯಾರೋ ತಂದುಕೊಡುವ ತನಕ ಕಾಯಬೇಕು. ಮಳೆಗಾಲದಲ್ಲಿ ಭೇದಿಯ ಹೊತ್ತಿಗೆ ಹಿತ್ತಿಲಿನ ಸಂಡಾಸಿಗೆ ನೆನೆದುಕೊಂಡು ಹೋಗಿಬರುವುದು ಸಣ್ಣ ಕಷ್ಟವಲ್ಲ. ನನಗೆ ಇದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಬಿಸಿ ಊಟ, ಬಿಸಿನೀರು, ಒಳಗಿನ ಸಂಡಾಸು, ಇಷ್ಟಾದರೂ ಆ ದಿನಗಳಲ್ಲಿ ಅವರಿಗೆ ಸಿಗಬೇಕು.

ಕರುಳಿನ ಸ್ಥಿತಿಯೂ ಮುಟ್ಟಿನ ಮೇಲೆ ಪರಿಣಾಮ ಮಾಡುತ್ತದೆ. ಬಳಸಿ ಮುಗಿದ ಈಸ್ಟ್ರೊಜೆನ್ ಹಾರ್ಮೋನನ್ನು ಯಕೃತ್ತು ಕಟ್ಟಿ, ಪಿತ್ತದ ಜೊತೆ ಕರುಳಿಗೆ ಕಳಿಸುತ್ತದೆ. ಅಲ್ಲಿನ ಕೆಲವು ಬ್ಯಾಕ್ಟೀರಿಯಾ ಆ ಕಟ್ಟು ಬಿಚ್ಚುತ್ತವೆ, ಒಂದಷ್ಟು ಈಸ್ಟ್ರೊಜೆನ್ ಮತ್ತೆ ರಕ್ತಕ್ಕೆ ಸೇರುತ್ತದೆ. ಇದನ್ನು ಹೇಳಿಕೊಂಡು ಈಗ ಮಾರುಕಟ್ಟೆಗೆ ದುಬಾರಿ ಪ್ರೋಬಯಾಟಿಕ್ ಡಬ್ಬಿಗಳು ಬಂದಿವೆ. ಅದಕ್ಕೆ ದುಡ್ಡು ಸುರಿಯಬೇಡಿ ಎನ್ನುವುದು ನನ್ನ ಸಲಹೆ. ಇದಕ್ಕಿಂತ ಗಮನ ಕೊಡಬೇಕಾದ್ದು ಬೇರೆ ಇದೆ. ಗೋಧಿಯ ಗ್ಲುಟೆನ್ ಸಹಿಸದ ಸೀಲಿಯಾಕ್ ಕಾಯಿಲೆ, ಕರುಳಿನ ದೀರ್ಘಕಾಲದ ಉರಿಯೂತ, ಇವುಗಳಲ್ಲಿ ಉಂಡದ್ದು ಮೈಗೆ ಹತ್ತುವುದಿಲ್ಲ. ತೂಕ ಇಳಿದು ಮುಟ್ಟು ಏರುಪೇರಾಗಬಹುದು, ನಿಂತೂ ಹೋಗಬಹುದು.

ರಕ್ತಹೀನತೆಯೂ ಇದರಲ್ಲೇ ಸಿಕ್ಕಿಕೊಂಡಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 57% ಮಂದಿಗೆ ರಕ್ತಹೀನತೆ ಇದೆ. ಮುಟ್ಟಿನಲ್ಲಿ ಜಾಸ್ತಿ ರಕ್ತ ಹೋದರೆ ಕಬ್ಬಿಣದ ಮಾತ್ರೆ ಕೊಡುತ್ತಾರೆ, ಅದರಿಂದ ಮಲ ಕಪ್ಪಾಗಿ ಗಟ್ಟಿಯಾಗುತ್ತದೆ, ಹೆದರಿ ಮಾತ್ರೆ ಬಿಡುತ್ತಾರೆ. ಬಿಡಬೇಡಿ. ದಿನ ಬಿಟ್ಟು ದಿನ ತೆಗೆದುಕೊಳ್ಳಬಹುದಾ ಅಂತ ಡಾಕ್ಟರನ್ನೇ ಕೇಳಿ. ಮಾತ್ರೆಯ ಆಸುಪಾಸಿನ ಒಂದೆರಡು ಗಂಟೆ ಕಾಫಿ, ಟೀ ಬೇಡ, ನಿಂಬೆ ಪಾನಕವಾದರೆ ಒಳ್ಳೆಯದು.

ಈಗ ಮುಖ್ಯವಾದ ಮಾತು. ಮಲ ಹೋಗುವಾಗ ಮುಟ್ಟಿನ ದಿನಗಳಲ್ಲಿ ಚುಚ್ಚಿದಂಥ ನೋವು, ಮಲದಲ್ಲಿ ರಕ್ತ, ಗಂಡನ ಜೊತೆ ಕೂಡುವಾಗ ಒಳಗೆ ನೋವು, ಕೆಲಸಕ್ಕೆ ಏಳಲೂ ಬಿಡದ ಹೊಟ್ಟೆನೋವು: ಇವು ‘ಎಲ್ಲರಿಗೂ ಆಗುವುದು’ ಅಲ್ಲ. ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ, ಕರುಳಿನ ಮೇಲೂ ಬೆಳೆಯುವ ಎಂಡೊಮೆಟ್ರಿಯೋಸಿಸ್ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಮುಟ್ಟಾಗುವ ವಯಸ್ಸಿನವರಲ್ಲಿ ಸುಮಾರು 10% ಮಂದಿಗೆ ಇದು ಇದೆ, ಆದರೆ ಗೊತ್ತಾಗಲು ವರ್ಷಗಟ್ಟಲೆ ಹಿಡಿಯುತ್ತದೆ. ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ಕಾರಣವಿಲ್ಲದೆ ತೂಕ ಇಳಿಯುವುದು, ಏಳು ದಿನ ದಾಟಿದ ರಕ್ತಸ್ರಾವ ಇದ್ದರೂ ತೋರಿಸಿಕೊಳ್ಳಬೇಕು.

ಹೋಗುವ ಮೊದಲು ಒಂದು ಕೆಲಸ ಮಾಡಿ. ಅಡುಗೆಮನೆಯಲ್ಲಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಮೂರು ತಿಂಗಳು ಗುರುತು ಹಾಕಿ: ಮುಟ್ಟಾದ ದಿನ, ಮಲ ಗಟ್ಟಿಯಾ ಸಡಿಲವಾ, ನೋವು ಎಷ್ಟು, ಯಾವ ಮಾತ್ರೆ. ಅದನ್ನು ಕಿತ್ತುಕೊಂಡು ತಾಲ್ಲೂಕು ಆಸ್ಪತ್ರೆಯ ಸ್ತ್ರೀರೋಗ ತಜ್ಞರಿಗೋ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲೋ ತೋರಿಸಿ. ಬರೀ ‘ಗ್ಯಾಸ್ಟ್ರಿಕ್’ ಅನ್ನಬೇಡಿ. ‘ಮುಟ್ಟಿನ ಜೊತೆ ಬರುತ್ತದೆ, ಮಲ ಹೋಗುವಾಗ ಹೀಗಾಗುತ್ತದೆ’ ಅಂತ ನಾಚಿಕೆ ಬಿಟ್ಟು ಹೇಳಿ. ಸ್ಕ್ಯಾನಿಂಗ್ ನಾರ್ಮಲ್ ಬಂದ ಮಾತ್ರಕ್ಕೆ ಎಂಡೊಮೆಟ್ರಿಯೋಸಿಸ್ ಇಲ್ಲ ಅಂತ ಆಗುವುದಿಲ್ಲ. ನೋವು ಹಾಗೇ ಇದ್ದರೆ ಮತ್ತೆ ಹೋಗಿ ಕೇಳಿ.