ಮೈಯೊಳಗಿನ ಯಂತ್ರದ ಸುದ್ದಿ, ಹೊತ್ತವರಿಗೇ ಕೊನೆಗೆ

1958ರ ಅಕ್ಟೋಬರ್ 8ರಂದು ಸ್ಟಾಕ್‌ಹೋಮ್‌ನಲ್ಲಿ ಆರ್ನೆ ಲಾರ್ಸನ್ ಎಂಬವರ ಮೈಯೊಳಗೆ, ಹೃದಯದ ಬಡಿತ ತಪ್ಪದಂತೆ ನೋಡಿಕೊಳ್ಳುವ ಯಂತ್ರವಾದ ಪೇಸ್‌ಮೇಕರ್ ಇಟ್ಟರು. ಮನುಷ್ಯನ ಮೈಯೊಳಗೆ ಪೂರ್ತಿಯಾಗಿ ಇಟ್ಟ ಮೊದಲ ಪೇಸ್‌ಮೇಕರ್ ಅದು. ಸರ್ಜನ್ ಸೆನ್ನಿಂಗ್ ಮತ್ತು ಎಂಜಿನಿಯರ್ ಎಲ್ಮ್‌ಕ್ವಿಸ್ಟ್ ಅವರ ಬೆನ್ನು ಬಿದ್ದು ಅದನ್ನು ಮಾಡಿಸಿದ್ದು ಲಾರ್ಸನ್ ಅವರ ಹೆಂಡತಿ. ಯಂತ್ರ ಕೆಲವೇ ಗಂಟೆಗಳಲ್ಲಿ ಕೈಕೊಟ್ಟಿತು. ಇನ್ನೊಂದನ್ನು ಇಟ್ಟರು. ಲಾರ್ಸನ್ ಜೀವಮಾನದಲ್ಲಿ ಇಪ್ಪತ್ತಕ್ಕೂ ಜಾಸ್ತಿ ಪೇಸ್‌ಮೇಕರ್ ಬದಲಾಯಿಸಿಕೊಂಡು 2001ರವರೆಗೆ, 86ನೇ ವಯಸ್ಸಿನವರೆಗೆ ಬದುಕಿದರು.

ಇಲ್ಲಿ ನನಗೆ ಮುಖ್ಯ ಅನಿಸುವುದು ಒಂದೇ. ಯಂತ್ರ ಮಾಡಿದವರು, ಇಟ್ಟವರು, ಹೊತ್ತವರು, ಮೂವರಿಗೂ ಒಬ್ಬರನ್ನೊಬ್ಬರು ಗೊತ್ತಿತ್ತು. ಏನಾದರೂ ಕೆಟ್ಟರೆ ಮುಖ ನೋಡಿ ಹೇಳಬಹುದಿತ್ತು. ಆಮೇಲೆ ಇಂಥ ಯಂತ್ರಗಳು ಲಕ್ಷಗಟ್ಟಲೆ ಆದವು. ಈಗ ಯಂತ್ರದಲ್ಲಿ ದೋಷ ಕಂಡರೆ ಕಂಪನಿ ಡಾಕ್ಟರಿಗೆ ಪತ್ರ ಬರೆಯುತ್ತದೆ, ಡಾಕ್ಟರು ರೋಗಿಗೆ ಹೇಳಬೇಕು. ಡಾಕ್ಟರು ನಿವೃತ್ತರಾಗಿದ್ದರೆ, ರೋಗಿ ಮನೆ ಬದಲಾಯಿಸಿದ್ದರೆ ಸುದ್ದಿ ಅಲ್ಲಿಗೇ ನಿಲ್ಲುತ್ತದೆ.

ಇದು ಎಷ್ಟು ಅಪಾಯ ಅಂತ ತೋರಿಸಿದ್ದು ಹೃದಯದ ಒಂದು ಕೃತಕ ಕವಾಟ. ಬ್ಯೋರ್ಕ್-ಶಾಯ್ಲಿ ಕಾನ್ವೆಕ್ಸೊ-ಕಾನ್ಕೇವ್ ಅನ್ನುವುದು ಅದರ ಹೆಸರು. ಜಗತ್ತಿನಲ್ಲಿ ಸುಮಾರು 86,000 ಜನರಿಗೆ ಹಾಕಿದ್ದರು. ಕವಾಟದೊಳಗೆ ತೆರೆದು ಮುಚ್ಚುವ ಬಿಲ್ಲೆಯನ್ನು ಹಿಡಿದಿಡುವ ಸಣ್ಣ ಲೋಹದ ಕಡ್ಡಿ ಕೆಲವರಲ್ಲಿ ಮುರಿಯಿತು. ಹಾಗೆ ಮುರಿದಾಗ ಬಹಳ ಜನ ಸತ್ತರು. 1986ರಲ್ಲಿ ಮಾರಾಟ ನಿಂತಿತು, ಆದರೆ ಆಗಲೇ ಒಳಗಿದ್ದ ಕವಾಟಗಳ ಕತೆ ಏನು? ಯಾರ ಎದೆಯಲ್ಲಿ ಯಾವುದಿದೆ ಅಂತ ಹುಡುಕುವುದೇ ಕಷ್ಟವಾಯಿತು. ಹುಡುಕಿ ಹೇಳಿದರೂ ಮುಂದೇನು ಅನ್ನುವುದು ಇನ್ನೂ ಕಷ್ಟ, ಯಾಕಂದರೆ ಹಲವರಿಗೆ ಎದೆ ಮತ್ತೆ ತೆರೆಯುವ ಅಪಾಯವೇ ಕಡ್ಡಿ ಮುರಿಯುವ ಅಪಾಯಕ್ಕಿಂತ ದೊಡ್ಡದಾಗಿತ್ತು. ಅಮೆರಿಕ 1990ರಲ್ಲಿ ಕಾನೂನು ತಂದು, ಇಂಥ ಸಾಧನಗಳು ಯಾರ ಮೈಯಲ್ಲಿವೆ ಅಂತ ಲೆಕ್ಕ ಇಡುವ ಹೊಣೆಯನ್ನು ಕಂಪನಿಗಳ ಮೇಲೆ ಹಾಕಿತು.

ಲೆಕ್ಕ ಇಟ್ಟರೆ ಸಾಕೇ? ಗೈಡೆಂಟ್ ಕಂಪನಿಯ ವಿಷಯ ನೋಡಿ. ಹೃದಯದ ಬಡಿತ ಹಳಿ ತಪ್ಪಿದಾಗ ಶಾಕ್ ಕೊಟ್ಟು ಉಳಿಸುವ ಡಿಫಿಬ್ರಿಲೇಟರ್ ಅದರದ್ದು. ಒಂದು ಮಾಡೆಲ್‌ನಲ್ಲಿ ಶಾರ್ಟ್ ಸರ್ಕ್ಯೂಟ್ ಆಗುತ್ತಿದೆ ಅಂತ ಕಂಪನಿಗೆ 2002ರಲ್ಲೇ ಗೊತ್ತಾಗಿ, ಹೊಸದಾಗಿ ತಯಾರಿಸುವುದನ್ನು ಸರಿಪಡಿಸಿತು. ಹಳೆಯದನ್ನು ಹೊತ್ತವರಿಗೆ ಹೇಳಲಿಲ್ಲ, ಅವರ ಡಾಕ್ಟರುಗಳಿಗೂ ಹೇಳಲಿಲ್ಲ. 2005ರ ಮಾರ್ಚ್‌ನಲ್ಲಿ ಅದನ್ನು ಹಾಕಿಸಿಕೊಂಡಿದ್ದ 21 ವರ್ಷದ ವಿದ್ಯಾರ್ಥಿಯೊಬ್ಬ ಸತ್ತ. ಅವನ ಡಾಕ್ಟರುಗಳು ಸುಮ್ಮನಿರಲಿಲ್ಲ, ಅವರಿಂದಲೇ ವಿಷಯ ಪತ್ರಿಕೆಗೆ ಬಂತು. ಹೇಳಿದರೆ ಜನ ಗಾಬರಿಯಾಗಿ ಬೇಡದ ಆಪರೇಷನ್ ಮಾಡಿಸಿಕೊಳ್ಳುತ್ತಾರೆ, ಸೋಂಕು ತಗಲುತ್ತದೆ ಅನ್ನುವುದು ಕಂಪನಿಯ ವಾದ. ಅದರಲ್ಲಿ ಸ್ವಲ್ಪ ನಿಜ ಇದೆ, ಒಪ್ಪೋಣ. ಆದರೆ ಆ ಅಪಾಯವನ್ನು ತೂಗಿ ನೋಡುವ ಹಕ್ಕು ಎದೆಯಲ್ಲಿ ಯಂತ್ರ ಇರುವವರದ್ದು ಅಲ್ವಾ?

ಹೇಳುವ ಮಾತೂ ಮುಖ್ಯ. 2007ರಲ್ಲಿ ಮೆಡ್‌ಟ್ರಾನಿಕ್‌ನ ಸ್ಪ್ರಿಂಟ್ ಫಿಡೆಲಿಸ್ ಎಂಬ ವೈರನ್ನು ಹಿಂದಕ್ಕೆ ಪಡೆದರು, ಅಂದರೆ 'ರೀಕಾಲ್' ಮಾಡಿದರು. ಡಿಫಿಬ್ರಿಲೇಟರನ್ನು ಹೃದಯಕ್ಕೆ ಸೇರಿಸುವ ವೈರ್ ಅದು, ಸುಮಾರು 2,68,000 ಹಾಕಿದ್ದರು. ಅದು ಬಿರುಕುಬಿಟ್ಟರೆ ಬೇಡದ ಹೊತ್ತಲ್ಲಿ ಶಾಕ್ ಹೊಡೆಯುತ್ತದೆ, ಇಲ್ಲವೇ ಬೇಕಾದಾಗ ಕೈಕೊಡುತ್ತದೆ. 'ರೀಕಾಲ್' ಅಂತ ಕೇಳಿದವರಿಗೆ ಕಾರನ್ನು ಶೋರೂಮಿಗೆ ವಾಪಸ್ ಕೊಡುವುದು ನೆನಪಾಗುತ್ತದೆ, ನಾಳೆಯೇ ತೆಗೆಸಬೇಕು ಅನಿಸುತ್ತದೆ. ಇಲ್ಲಿ ಅದರ ಅರ್ಥ ಬೇರೆ: ಹೊಸದಾಗಿ ಯಾರಿಗೂ ಹಾಕಬೇಡಿ, ಇರುವವರಲ್ಲಿ ಕಣ್ಣಿಟ್ಟು ನೋಡಿ. ಹೃದಯಕ್ಕೆ ಅಂಟಿಕೊಂಡ ವೈರ್ ಎಳೆಯುವುದು ಜೀವಕ್ಕೇ ಅಪಾಯ, ಹಾಗಾಗಿ ಸರಿಯಾಗಿರುವುದನ್ನು ಸುಮ್ನೆ ತೆಗೆಸಬೇಡಿ ಅಂತಲೇ ಸಲಹೆ ಇತ್ತು. ಇಷ್ಟನ್ನು ಎದುರು ಕೂತು ಬಿಡಿಸಿ ಹೇಳಲು ಹತ್ತು ನಿಮಿಷ ಸಾಕು. ಪತ್ರದಲ್ಲಿ ಓದಿದರೆ ಎಷ್ಟೋ ರಾತ್ರಿ ನಿದ್ದೆ ಬರುವುದಿಲ್ಲ.

ಯುರೋಪಿನಲ್ಲಿ 2021ರ ಮೇ ತಿಂಗಳಿಂದ ಜಾರಿಯಾದ ನಿಯಮ ನನಗೆ ಇಷ್ಟ. ಸಾಧನ ಹಾಕಿದ ಆಸ್ಪತ್ರೆ ರೋಗಿಯ ಕೈಗೆ ಕಾರ್ಡ್ ಕೊಡಲೇಬೇಕು. ಮಾಡೆಲ್, ಸೀರಿಯಲ್ ನಂಬರ್, ಕಂಪನಿಯ ಹೆಸರು ಅದರಲ್ಲಿರಬೇಕು. ಎಷ್ಟು ವರ್ಷ ಬಾಳುತ್ತದೆ, ಯಾವುದರಿಂದ ದೂರ ಇರಬೇಕು ಅನ್ನುವುದನ್ನು ಸಾಮಾನ್ಯ ಜನರಿಗೆ ಅರ್ಥವಾಗುವಂತೆ ಬರೆದುಕೊಡಬೇಕು. ಹಲ್ಲಿನ ಫಿಲ್ಲಿಂಗ್, ಮೂಳೆಯ ಸ್ಕ್ರೂನಂಥವಕ್ಕೆ ವಿನಾಯಿತಿ ಇದೆ.

ಆದರೆ ಕಾರ್ಡಿನಲ್ಲಿ ಹೆಸರಿರುವ ಕಂಪನಿಯೇ ಕೈಬಿಟ್ಟರೆ? ಆರ್ಗಸ್ 2 ಎಂಬ ಕೃತಕ ರೆಟಿನಾವನ್ನು (ರೆಟಿನಾ ಅಂದರೆ ಕಣ್ಣಿನ ಹಿಂಬದಿಯಲ್ಲಿ ಬೆಳಕು ಹಿಡಿಯುವ ಪರದೆ) ಸುಮಾರು 350 ಜನ ಕುರುಡರಿಗೆ ಹಾಕಿದ್ದರು, ಅವರಿಗೆ ಬೆಳಕಿನ ಆಕಾರ ಕಾಣುತ್ತಿತ್ತು. ಮಾಡಿದ ಸೆಕೆಂಡ್ ಸೈಟ್ ಕಂಪನಿ ಅದನ್ನು ನಿಲ್ಲಿಸಿ, 2020ರಲ್ಲಿ ಹೆಚ್ಚಿನ ಸಿಬ್ಬಂದಿಯನ್ನು ಕಳಿಸಿಬಿಟ್ಟಿತು. ಕಣ್ಣೊಳಗಿನ ಯಂತ್ರ ಕೆಟ್ಟರೆ ಯಾರನ್ನು ಕೇಳಬೇಕು ಅಂತ ಆ ಜನರಿಗೆ ಹೇಳುವವರೇ ಇರಲಿಲ್ಲ.