ಕೈ ಓಡುವುದಿಲ್ಲ, ಸ್ವಾಮಿ

ನನ್ನ ಮ್ಯಾಜಿಕ್ ಶೋ ಮುಗಿದ ಮೇಲೆ ಯಾರಾದರೂ ಒಬ್ಬರು ಫೋನ್ ಹಿಡಿದುಕೊಂಡು ಬಂದೇ ಬರುತ್ತಾರೆ. ‘ಸಾರ್, ಸ್ಲೋ ಮೋಷನ್‌ನಲ್ಲಿ ಹಾಕಿ ನೋಡಿದೆ. ಆದ್ರೂ ಸಿಗ್ಲಿಲ್ಲ. ಏನು ಸ್ಪೀಡು ಸಾರ್ ನಿಮ್ಮ ಕೈದು!’ ಹೊಗಳಿಕೆ ಅಂತಲೇ ಹೇಳುತ್ತಾರೆ, ಪಾಪ. ನಾನೂ ನಗುತ್ತೇನೆ. ಒಳಗೊಳಗೇ ಮೈ ಉರಿಯುತ್ತದೆ. ಕಲಿಯಲು ಬರುವ ಹುಡುಗರೂ ಇದನ್ನೇ ನಂಬಿಕೊಂಡು, ಮೊದಲ ದಿನವೇ ಇಸ್ಪೀಟೆಲೆಗಳನ್ನು ಪಟಪಟ ಆಡಿಸಲು ಶುರು ಮಾಡುತ್ತಾರೆ.

ಕೈ ಸರಕ್ಕನೆ ಆಡಿದರೆ ನೋಡುವವರ ಕಣ್ಣು ಅಲ್ಲಿಗೇ ಓಡುತ್ತದೆ. ನಮಗೆ ಬೇಡವಾದದ್ದೇ ಅದು. ವೇಗ ಎಲ್ಲೂ ಇಲ್ಲವೇ ಇಲ್ಲ ಅಂತ ಹೇಳಲಾರೆ. ಕೆಲವು ಇಸ್ಪೀಟಿನ ಆಟಗಳಲ್ಲಿ ಇದೆ. ಅಲ್ಲೂ ಬೆರಳಿನ ಸಣ್ಣ ಕೆಲಸ ತೋಳಿನ ದೊಡ್ಡ ಚಲನೆಯ ಮರೆಯಲ್ಲಿ ನಡೆದುಹೋಗುತ್ತದೆ.

ಮಕ್ಕಳ ಮ್ಯಾಜಿಕ್ ಪುಸ್ತಕಗಳಲ್ಲೂ ಇರುವ ಒಂದೇ ಒಂದು ಗುಟ್ಟು ಹೇಳುತ್ತೇನೆ, ನಮ್ಮವರು ಬೈಯಬಾರದು. ಎಡಗೈ ಬೆರಳ ತುದಿಯಲ್ಲಿ ನಾಣ್ಯ. ಬಲಗೈ ಬಂದು ಅದನ್ನು ತೆಗೆದುಕೊಂಡ ಹಾಗೆ ಮಾಡಿ ಮುಷ್ಟಿ ಮುಚ್ಚುತ್ತದೆ. ಆ ಮರೆಯಲ್ಲಿ ನಾಣ್ಯ ಎಡ ಅಂಗೈಗೇ ಬಿದ್ದಿರುತ್ತದೆ. ಕೈಕೆಲಸ ಇಷ್ಟೇ. ಇನ್ನು ನನ್ನ ಕಣ್ಣು ಖಾಲಿ ಬಲಗೈಯ ಜೊತೆಗೇ ಹೋಗಬೇಕು. ಆ ಮುಷ್ಟಿ ಏನನ್ನೋ ಹಿಡಿದ ಹಾಗೆ ಬಿಗಿಯಾಗಿರಬೇಕು. ಎಡಗೈ ಕೆಲಸ ಮುಗಿಸಿದ ಕೈ ಥರ ಸುಮ್ನೆ ಕೆಳಗಿಳಿಯಬೇಕು. ಹೊಸಬರು ತಪ್ಪುವುದು ಇಲ್ಲೇ. ನಾಣ್ಯ ಇರುವ ಕೈಯ ಹೆಬ್ಬೆರಳು ಸೆಟೆದುಕೊಂಡಿರುತ್ತದೆ. ನೋಡುವವರಿಗೆ ಯಾಕೆ ಅಂತ ಗೊತ್ತಾಗಲ್ಲ, ಆದರೆ ಆ ಕೈಯ ಮೇಲೆ ಅನುಮಾನ ಬಂದಾಯಿತು.

ಮುಷ್ಟಿಯನ್ನು ತಕ್ಷಣ ಬಿಚ್ಚಲೂ ಬಾರದು. ಎದುರಿಗಿರುವ ಮಗುವನ್ನು ‘ನಿನ್ನ ಹೆಸರೇನು ಪುಟ್ಟಾ?’ ಅಂತ ಕೇಳುತ್ತೇನೆ. ಮಗು ನನ್ನ ಮುಖ ನೋಡುತ್ತದೆ, ಜನ ಮಗುವಿನ ಮುಖ ನೋಡುತ್ತಾರೆ. ಎಡಗೈ ಆರಾಮವಾಗಿ ಜೇಬಿಗೆ ಹೋಗಿ ಬರುತ್ತದೆ. ಫೋನಿನವರು ನಿಧಾನ ಮಾಡಿ ನೋಡುವುದು ಮುಷ್ಟಿ ಬಿಚ್ಚುವ ಗಳಿಗೆಯನ್ನು. ನನ್ನ ಕೆಲಸ ಅದಕ್ಕಿಂತ ಎಷ್ಟೋ ಮೊದಲೇ ಮುಗಿದಿರುತ್ತದೆ. ಎಷ್ಟೋ ಸಲ ಅವರು ವಿಡಿಯೋ ಶುರು ಮಾಡುವ ಮೊದಲೇ!

ಮತ್ತೆ ಮತ್ತೆ ನೋಡಿದರೆ ಸಿಗುತ್ತದೆ ಅನ್ನುವುದೂ ಇದೇ ಜಾತಿಯ ನಂಬಿಕೆ. ಯಾವ ಆಟವನ್ನಾದರೂ ಮೂರು ಸಲ ತೋರಿಸಿ, ಗುಟ್ಟು ಹೇಳುತ್ತೇನೆ ಅಂತ ಹೆಸರಾಂತ ಜಾದೂಗಾರ ಹ್ಯಾರಿ ಹೂಡಿನಿ ಜಂಬ ಕೊಚ್ಚಿಕೊಳ್ಳುತ್ತಿದ್ದ. 1922ರಲ್ಲಿ ಶಿಕಾಗೋದಲ್ಲಿ ಡೈ ವರ್ನನ್ ಅನ್ನುವ ಇನ್ನೊಬ್ಬ ಜಾದೂಗಾರ ಅವನಿಗೊಂದು ಇಸ್ಪೀಟಿನ ಆಟ ತೋರಿಸಿದ. ಮೇಲಿನಿಂದ ಎರಡನೆಯದಾಗಿ ಇಟ್ಟ ಎಲೆ ಪ್ರತಿ ಸಲವೂ ಕಟ್ಟಿನ ಮೇಲಕ್ಕೇ ಬರುತ್ತಿತ್ತು. ಮೂರಕ್ಕಿಂತ ಜಾಸ್ತಿ ಸಲ ನೋಡಿಯೂ ಹೂಡಿನಿಗೆ ಹೊಳೆಯಲಿಲ್ಲ.

ಕಣ್ಣಿನ ವಿಷಯವನ್ನು ಬ್ರಿಟನ್ನಿನಲ್ಲಿ ಅಳೆದೂ ನೋಡಿದ್ದಾರೆ. ಗುಸ್ತಾವ್ ಕುನ್ ಮತ್ತು ಮೈಕೆಲ್ ಲ್ಯಾಂಡ್ ಅನ್ನುವ ವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗ ಅದು. ಕುನ್ ಸ್ವತಃ ಜಾದೂಗಾರ. ಚೆಂಡನ್ನು ಎರಡು ಸಲ ನಿಜವಾಗಿ ಮೇಲೆಸೆದು ಹಿಡಿಯುವುದು. ಮೂರನೇ ಸಲ ಎಸೆದ ಹಾಗೆ ಮಾಡಿ ಕೈಯಲ್ಲೇ ಉಳಿಸಿಕೊಳ್ಳುವುದು. ಜಾದೂಗಾರ ಕಣ್ಣನ್ನೂ ಮೇಲಕ್ಕೆತ್ತಿದಾಗ, ನೋಡಿದವರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಜನಕ್ಕೆ ಇಲ್ಲದ ಚೆಂಡು ಮೇಲೆ ಹೋಗಿದ್ದು ಕಂಡಿತು! ಅವನು ಕೈಯನ್ನೇ ನೋಡಿಕೊಂಡು ಮಾಡಿದಾಗ ಮೂರರಲ್ಲಿ ಒಂದು ಪಾಲು. ಕೈ ಮಾಡಿದ್ದು ಅದೇ ಕೆಲಸ, ಅಲ್ವಾ?

ಆದರೆ ತೀರಾ ಚಿಕ್ಕ ಮಕ್ಕಳ ಹತ್ತಿರ ಈ ಆಟ ನಡೆಯುವುದು ಕಷ್ಟ. ಎಲ್ಲ ಮಕ್ಕಳೂ ಹೀಗೇ ಅಂತಲ್ಲ, ನಾನು ಕಂಡ ಮಟ್ಟಿಗೆ. ನಾನು ನೋಡಿದ ಕಡೆ ಅವರೂ ನೋಡಬೇಕು ಅಂತೇನಿದೆ? ಹಾಸನದಲ್ಲಿ ಒಂದು ಹುಟ್ಟುಹಬ್ಬ. ದೊಡ್ಡವರೆಲ್ಲ ಬಲಮುಷ್ಟಿಯನ್ನೇ ನೋಡುತ್ತಿದ್ದರು. ಮೂರು ವರ್ಷದ ಪುಟ್ಟಿಯೊಬ್ಬಳು ನೆಟ್ಟಗೆ ಬಂದು ನನ್ನ ಎಡಗೈ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ‘ಅಂಕಲ್, ಇಲ್ಲೇ ಇದೆ’ ಅಂದಳು. ಎತ್ತಿಕೊಂಡು ಮುದ್ದಾಡಬೇಕು ಅನ್ನಿಸಿತು.

ಅದಕ್ಕೇ ಆ ವಯಸ್ಸಿನವರ ಹುಟ್ಟುಹಬ್ಬಕ್ಕೆ ನಾನು ಬಲೂನು, ಬಣ್ಣದ ಬಟ್ಟೆ, ಮಾತಾಡುವ ಗೊಂಬೆ ತರುತ್ತೇನೆ. ‘ಕಾಸು ಮಾಯ ಮಾಡಲ್ವಾ?’ ಅಂತ ಅಪ್ಪಂದಿರು ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಮಗುವಿಗೆ ಏಳೆಂಟು ವರ್ಷ ಆಗಲಿ, ಕರೆಯಿರಿ, ಬಂದು ಮಾಡುತ್ತೇನೆ.